ತಾಲೂಕು, ಪಡಿತರ ಚೀಟಿ, ಶೂನ್ಯ ಟಿಕೆಟ್: ಗೊಟಗೋಡಿಗೆ ಅನ್ವಯಿಸಿ ಮೂರು ಮಾಪನ ಘಟಕಗಳು

1. ಸೂಚ್ಯಂಕ
ಕರ್ನಾಟಕದ ಪ್ರಾದೇಶಿಕ ಅಸಮತೋಲನ ಕುರಿತ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ 35 ಸೂಚಕಗಳ ಸಂಯುಕ್ತ ಸೂಚ್ಯಂಕ ಬಳಸಿ ಅಂದಿನ 175 ತಾಲೂಕುಗಳ ಪೈಕಿ 114ನ್ನು ಹಿಂದುಳಿದವೆಂದು ಗುರುತಿಸಿತು: 39 ಅತ್ಯಂತ ಹಿಂದುಳಿದ, 40 ಅತಿ ಹಿಂದುಳಿದ, 35 ಹಿಂದುಳಿದ. ಇಲ್ಲಿ ರಾಜ್ಯದ ಸರಾಸರಿಯೇ 1. ಹೀಗಾಗಿ ಸೂಚ್ಯಂಕ ಸಾಪೇಕ್ಷ. ತಾಲೂಕೊಂದರ ಶಾಲೆ, ಆಸ್ಪತ್ರೆ ಸುಧಾರಿಸಿಯೂ, ಉಳಿದವು ಹೆಚ್ಚು ವೇಗವಾಗಿ ಸುಧಾರಿಸಿದ್ದರೆ, ಅದರ ಅಂಕ ಇಳಿಯಬಹುದು. ಸೂಚ್ಯಂಕವು ಸಮಾನತೆಗೆ ಹತ್ತಿರದ ಅಳತೆ, ಯೋಗಕ್ಷೇಮದ ಅಳತೆಯಲ್ಲ ಎನ್ನಬಹುದು.

2. ಗಡಿ
ಗೊಟಗೋಡಿ ಇರುವ ಹಾವೇರಿ ಜಿಲ್ಲೆ ಧಾರವಾಡದಿಂದ ಬೇರ್ಪಟ್ಟದ್ದು 1997ರಲ್ಲಿ. 1991ರ ಜನಗಣತಿಯ ಮೂಲ ಕೋಷ್ಟಕಗಳಲ್ಲಿ ಅದು ಸಿಗದು. ವರದಿಯ ನಂತರ ಹಿರೇಕೆರೂರಿನಿಂದ ರಟ್ಟೀಹಳ್ಳಿ ತಾಲೂಕು ಒಡೆಯಿತು. ಆದ್ದರಿಂದ 2002ರ ಹಿರೇಕೆರೂರನ್ನು ಇಂದಿನದರೊಡನೆ ನೇರ ಹೋಲಿಸುವುದು ಸಲ್ಲದು. ಶಿಗ್ಗಾಂವಿ, ಸವಣೂರು, ಹಾನಗಲ್ಲಗಳೂ ಸೇರಿ ಇಡೀ ಜಿಲ್ಲೆ, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸೌಲಭ್ಯ ನೀಡುವ ಸಂವಿಧಾನದ 371(ಜೆ) ವಿಧಿಯ ವ್ಯಾಪ್ತಿಯ ಹೊರಗಿದೆ. ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಅಳೆಯಲು 2024ರಲ್ಲಿ ರಚನೆಯಾದ ಪ್ರೊ. ಎಂ. ಗೋವಿಂದ ರಾವ್ ಸಮಿತಿಗೂ ಗಡಿಯ ಈ ತೊಡಕು ತಪ್ಪಿದ್ದಲ್ಲ.

3. ಗ್ರಾಮ
ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಸಂಸ್ಥೆಗಳನ್ನು ಎಣಿಸುವ ಯಾವುದೇ ಕೋಷ್ಟಕದಲ್ಲಿ ಅದು ತಾಲೂಕಿನ ಖಾತೆಗೆ ಜಮೆ. ಆದರೆ ವಿದ್ಯಾರ್ಥಿಗಳು ಊರಿನವರೇ ಆಗಿರಬೇಕೆಂದಿಲ್ಲ. ಕ್ಯಾಂಪಸ್ ಇದೆಯೆಂಬುದರಿಂದ ಊರಿನ ಹೆಣ್ಣುಮಕ್ಕಳ ಓದಿನ ಬಗ್ಗೆ ಏನನ್ನೂ ಊಹಿಸಲಾಗದು.

4. ಚೀಟಿ ಮತ್ತು ಟಿಕೆಟ್
ರಾಜ್ಯ ಸರ್ಕಾರದ 2023ರ ಎರಡು ಯೋಜನೆಗಳು ತಾಲೂಕನ್ನು ನೋಡುವುದೇ ಇಲ್ಲ. ಆಗಸ್ಟ್ 30ರಂದು ಚಾಲನೆಗೊಂಡ ಗೃಹಲಕ್ಷ್ಮಿಯ ಮಾಸಿಕ 2,000 ರೂ. ಪಡಿತರ ಚೀಟಿಯ ಯಜಮಾನಿಗೆ. ಆಕೆಯಾಗಲಿ ಗಂಡನಾಗಲಿ ಆದಾಯ ತೆರಿಗೆ ಪಾವತಿಸುತ್ತಿದ್ದರೆ ಅಥವಾ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುತ್ತಿದ್ದರೆ ಇಲ್ಲ. ಒಂದೇ ಚೀಟಿಯಲ್ಲಿ ಅತ್ತೆ-ಸೊಸೆ ಇದ್ದರೆ ಹಣ ಒಬ್ಬರಿಗೇ. ಮನೆಯೊಳಗಿನ ಹಂಚಿಕೆ ಯಾವ ದಾಖಲೆಗೂ ಬರದು.

ಜೂನ್ 11ರಂದು ಆರಂಭವಾದ, ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ನೀಡುವ ‘ಶಕ್ತಿ’ ಯೋಜನೆಯ ಲೆಕ್ಕ ಇನ್ನೊಂದು ಬಗೆ. ಮಹಿಳೆ ಗುರುತಿನ ಚೀಟಿ ತೋರಿಸಿದಾಗ ನಿರ್ವಾಹಕರು ಶೂನ್ಯ ದರದ ಟಿಕೆಟ್ ಹರಿದು ಕೊಡುತ್ತಾರೆ. ಸಾರಿಗೆ ಸಂಸ್ಥೆಗೆ ಸರ್ಕಾರ ಹಣ ತುಂಬಿಕೊಡುವುದು ಇದರ ಆಧಾರದ ಮೇಲೆ. ಟಿಕೆಟಿನ ಮೇಲೆ ಪ್ರಯಾಣಿಕಳ ಹೆಸರಿರುವುದಿಲ್ಲ. ಗೊಟಗೋಡಿಯಿಂದ ಶಿಗ್ಗಾಂವಿಯ ಸಂತೆಗೆ ಹೋಗಿ ಮರಳಿದ ಒಬ್ಬಾಕೆಯ ಲೆಕ್ಕವೂ, ಹೋಗಿ ಅಲ್ಲೇ ಉಳಿದ ಇಬ್ಬರ ಒಟ್ಟು ಲೆಕ್ಕವೂ ಎರಡೇ ಟಿಕೆಟ್. ಪ್ರಕಟಿತ ‘ಪ್ರಯಾಣ’ಗಳ ಮೊತ್ತವನ್ನು ‘ಫಲಾನುಭವಿಗಳ ಸಂಖ್ಯೆ’ ಎಂದು ಉಲ್ಲೇಖಿಸುವುದು ದೋಷ.