ನಿಂತ ಲಕ್ಷ್ಮಿ, ಕೂತ ಲಕ್ಷ್ಮಿ

ಈ ಸಲದ ಸಂಚಿಕೆ ಒಂದು ಫೋಟೋದಿಂದ ಶುರು.

ಹೋದ ವರ್ಷ ಅಪ್ಪ ತಮ್ಮ ದಿನಸಿ ಅಂಗಡಿ ಮುಚ್ಚಿದರು. ತಕ್ಕಡಿ, ಡಬ್ಬ, ರ್‍ಯಾಕು ಎಲ್ಲ ಸಾಗಿಸಿದ ಮೇಲೆ ಗಲ್ಲಾಪೆಟ್ಟಿಗೆ ಮೇಲಿನ ಗೋಡೆಯಲ್ಲಿ ಉಳಿದದ್ದು ಲಕ್ಷ್ಮಿ ಪಟ ಒಂದೇ. ದಿನಾ ಬೋಣಿ ದುಡ್ಡನ್ನು ಅಪ್ಪ ಮೊದಲು ಆ ಪಟಕ್ಕೆ ಮುಟ್ಟಿಸಿ ಆಮೇಲೆ ಗಲ್ಲಾಕ್ಕೆ ಹಾಕ್ತಿದ್ರು. ಸಹಾಯಕ್ಕೆ ಬಂದಿದ್ದ ಸೋದರಮಾವ ಅದನ್ನು ನೋಡಿ, "ಭಾವ, ನಿಂತ ಲಕ್ಷ್ಮಿ ಇಟ್ಕೊಂಡ್ರೆ ಇನ್ನೇನಾಗುತ್ತೆ? ನಿಂತೋಳು ಹೊರಡೋಳೇ. ಕೂತಿರೋದು ಇಡಬೇಕಿತ್ತು" ಅಂದ್ರು. ಅಪ್ಪ ಏನೂ ಹೇಳಲಿಲ್ಲ. ಪಟ ಇಳಿಸಿ ಪೇಪರ್‌ನಲ್ಲಿ ಸುತ್ತಿ, "ಅರಳಿಕಟ್ಟೆ ಹತ್ರ ಇಟ್ಟು ಬಾ" ಅಂತ ನನ್ನ ಕೈಗೆ ಕೊಟ್ರು.

ನಾನು ಕಟ್ಟೆಗೆ ಹೋಗಲಿಲ್ಲ. ಆ ಮಾತು ನನ್ನನ್ನ ಕೊರೀತಾ ಇತ್ತು. ಲಕ್ಷ್ಮಿ ಯಾವಾಗಿಂದ ನಿಂತಿದ್ದಾಳೆ, ಯಾರು ನಿಲ್ಲಿಸಿದ್ದು?

ನಮ್ಮ ಪಟ ರಾಜಾ ರವಿವರ್ಮನ ಚಿತ್ರದ ನಕಲು. ಕೊಳದಲ್ಲಿ ತಾವರೆ, ಅದರ ಮೇಲೆ ಸೀರೆ ಉಟ್ಟು ನಿಂತ ನಾಲ್ಕು ಕೈಯ ಲಕ್ಷ್ಮಿ, ಪಕ್ಕದಲ್ಲಿ ಹಾರ ಹಿಡಿದ ಆನೆ. 1894ರಲ್ಲಿ ರವಿವರ್ಮ ಮುಂಬೈನಲ್ಲಿ ಕಲ್ಲಚ್ಚಿನ ಪ್ರೆಸ್ ಶುರು ಮಾಡಿದ. ಅರಮನೆ ಗೋಡೆಯ ಮೇಲಿದ್ದ ದೇವರು ಅಂಗಡಿ ಗೋಡೆಗೆ ಬಂದದ್ದು ಹಾಗೆ. ಆದರೆ ನಿಲ್ಲಿಸಿದ್ದು ಅವನಲ್ಲ.

ಮಧ್ಯಪ್ರದೇಶದ ಭಾರ್ಹುತ್ ಸ್ತೂಪಕ್ಕೆ ಹೋಗೋಣ. ಕ್ರಿಸ್ತಪೂರ್ವ 2ನೇ ಶತಮಾನದ ಕೆಲಸ, ಅದೂ ಬೌದ್ಧರದ್ದು. ಅಲ್ಲಿ ಕಂಬದ ಮೇಲೆ ನೆಟ್ಟಗೆ ನಿಂತ ಒಬ್ಬ ದೇವಿ ಇದ್ದಾಳೆ, ಪಕ್ಕದಲ್ಲಿ ಅವಳ ಹೆಸರು ಕೆತ್ತಿದ್ದಾರೆ: ಸಿರಿಮಾ ದೇವತಾ. ಆ 'ಸಿರಿ' ನಮ್ಮ ಸಿರಿಯೇ. ಅದೇ ಭಾರ್ಹುತ್‌ನಲ್ಲಿ, ಸಾಂಚಿಯಲ್ಲಿ, ತಾವರೆ ಮೇಲಿನ ದೇವಿಗೆ ಎರಡೂ ಕಡೆಯಿಂದ ಆನೆಗಳು ಕೊಡದಿಂದ ನೀರು ಹೊಯ್ಯುವ ಶಿಲ್ಪಗಳಿವೆ. ಕೆಲವದರಲ್ಲಿ ನಿಂತಿದ್ದಾಳೆ, ಕೆಲವದರಲ್ಲಿ ಕೂತಿದ್ದಾಳೆ. ಫ್ರೆಂಚ್ ವಿದ್ವಾಂಸ ಫೂಶೆ ಇದನ್ನು ಬುದ್ಧನ ಜನನದ ಚಿತ್ರ ಅಂದ. ಆನಂದ ಕುಮಾರಸ್ವಾಮಿ 1929ರಲ್ಲಿ ಇಲ್ಲ, ಇದು ಶ್ರೀಲಕ್ಷ್ಮಿಯ ಚಿತ್ರವೇ ಅಂತ ವಾದಿಸಿದರು. ನಾನು ಕುಮಾರಸ್ವಾಮಿ ಕಡೆ.

ಗಮನಿಸಿ, ಆನೆ ಹೊಯ್ಯೋದು ನೀರು. ಕಾಸಲ್ಲ. ಆನೆ ಅಂದ್ರೆ ಮಳೆಮೋಡ; ಇಂದ್ರನ ಐರಾವತ ನೆನಪಿಸಿಕೊಳ್ಳಿ. ಶ್ರೀಸೂಕ್ತದಲ್ಲಿ ಚಿನ್ನ, ಹಸು, ಕುದುರೆ ಎಲ್ಲ ಇದೆ, ನಿಜ. ಆದರೆ ಅಲ್ಲೇ ಕರ್ದಮ, ಚಿಕ್ಲೀತ ಅನ್ನೋ ಇಬ್ಬರನ್ನೂ ಕರೀತಾರೆ. ಕರ್ದಮ ಅಂದ್ರೆ ಕೆಸರು, ಚಿಕ್ಲೀತ ಅಂದ್ರೆ ತೇವ. ದೇವಿಗೆ 'ಕರೀಷಿಣೀ' ಅನ್ನೋ ವಿಶೇಷಣ ಬೇರೆ. ಕರೀಷ ಅಂದ್ರೆ ಸಗಣಿ! ಕೆಸರು, ತೇವ, ಗೊಬ್ಬರ, ಮೇಲಿಂದ ಮಳೆ, ನಡುವೆ ತಾವರೆ. ಇದು ಗದ್ದೆಯ ಲೆಕ್ಕ. ಬಿ.ಕಾಂ.ನಲ್ಲಿ ನಮಗೆ ಲಿಕ್ವಿಡಿಟಿ ಅಂದ್ರೆ ಕೈಯಲ್ಲಿರೋ ನಗದು ಅಂತ ಹೇಳಿಕೊಟ್ಟಿದ್ರು. ಇವರದ್ದು ನಿಜವಾದ ನೀರು.

ಎಲ್ಲೋರಾದ ಕೈಲಾಸ ದೇವಾಲಯಕ್ಕೆ ಹೋದವರು ಬಾಗಿಲು ದಾಟಿದ ತಕ್ಷಣ ಎದುರಿಗೇ ಇದನ್ನು ನೋಡಿರ್ತೀರಿ. ನಮ್ಮ ರಾಷ್ಟ್ರಕೂಟರ 8ನೇ ಶತಮಾನದ ಕೆಲಸ. ಕೊಳದ ತುಂಬ ತಾವರೆ ಎಲೆ, ನಡುವೆ ಕೂತ ಗಜಲಕ್ಷ್ಮಿ, ಸುತ್ತ ನಾಲ್ಕು ಆನೆ. ಕೆಳಗಿನೆರಡು ಕೊಡ ಒದಗಿಸ್ತವೆ, ಮೇಲಿನೆರಡು ಸುರೀತವೆ. ಒಳ್ಳೇ ಸಪ್ಲೈ ಚೈನ್!

ಇಲ್ಲೊಂದು ತಪ್ಪು ಒಪ್ಪಿಕೊಳ್ಳಬೇಕು. ಹಿಂದಿನ ಒಂದು ಸಂಚಿಕೆಯಲ್ಲಿ, ಕೈಯಿಂದ ಕಾಸು ಉದುರೋದು ಕ್ಯಾಲೆಂಡರ್‌ನವರ ಕಲ್ಪನೆ ಅಂತ ಧೈರ್ಯವಾಗಿ ಹೇಳಿಬಿಟ್ಟಿದ್ದೆ. ಕೇಳುಗರೊಬ್ಬರು ತಿದ್ದಿದರು. ಎರಡನೇ ಚಂದ್ರಗುಪ್ತನ ಕೆಲವು ಚಿನ್ನದ ನಾಣ್ಯಗಳ ಹಿಂಬದಿಯಲ್ಲಿ ತಾವರೆ ಮೇಲೆ ಕೂತ ಲಕ್ಷ್ಮಿ ಬಲಗೈಯಿಂದ ನಾಣ್ಯ ಚೆಲ್ಲುತ್ತಾಳೆ. ಟಂಕಿಸಿದ್ದು ರಾಜ, ಚೆಲ್ಲುವವಳು ದೇವಿ. ಖಜಾನೆಗೆ ಇದಕ್ಕಿಂತ ಒಳ್ಳೇ ಜಾಹೀರಾತು ಇಲ್ಲ. ಕ್ಯಾಲೆಂಡರ್‌ನವರು ಮಾಡಿದ್ದು ಆ ಕಾಸನ್ನೇ ಮನೆಮನೆಯ ಲಕ್ಷ್ಮಿಯ ಗುರುತು ಮಾಡಿದ್ದು. ಆನೆಯ ನೀರು ನಮ್ಮ ಕಣ್ಣಿಗೆ ಬೀಳೋದೇ ನಿಂತುಹೋಯ್ತು.

ಮಾವನ ಮಾತಿಗೆ ನಿಜವಾದ ಉತ್ತರ ನನಗೆ ಸಿಕ್ಕಿದ್ದು ಹಾಸನದ ಹತ್ತಿರ, ದೊಡ್ಡಗದ್ದವಳ್ಳಿಯಲ್ಲಿ. ಕೆರೆ ಪಕ್ಕದ ಊರು. ಹೊಯ್ಸಳ ವಿಷ್ಣುವರ್ಧನನ ಕಾಲ, 12ನೇ ಶತಮಾನದ ಆರಂಭ. ಅಲ್ಲಿನ ಲಕ್ಷ್ಮೀದೇವಿ ಗುಡಿ ಕಟ್ಟಿಸಿದ್ದು ರಾಜ ಅಲ್ಲ. ಕುಲ್ಲಹಣ ರಾಹುತ ಅನ್ನೋ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ. ಅಂದ್ರೆ ಲಾಭ-ನಷ್ಟ ಗೊತ್ತಿದ್ದ ದಂಪತಿ. ಅವರ ಲಕ್ಷ್ಮಿ ನಿಂತಿದ್ದಾಳೆ. ಶಂಖ, ಚಕ್ರ, ಗದೆ, ಜಪಮಾಲೆ ಇವೆ. ಕಾಸಿಲ್ಲ. ಅದೇ ಗುಡಿಯಲ್ಲಿ ಕಾಳಿಗೂ ಗರ್ಭಗುಡಿ ಉಂಟು, ಬಾಗಿಲಲ್ಲಿ ಎಲುಬುಗೂಡಿನ ಬೇತಾಳಗಳು. ಒಬ್ಬ ವ್ಯಾಪಾರಿ ಸಂಪತ್ತಿನ ದೇವತೆಯ ಜೊತೆಗೆ ಕಾಳಿಯನ್ನೂ ಯಾಕೆ ಬಯಸಿದ? ನಾನು ಊಹೆ ಮಾಡಲ್ಲ, ಆದರೆ ಆ ಬೇತಾಳಗಳ ಮುಂದೆ ಬಹಳ ಹೊತ್ತು ನಿಂತಿದ್ದೆ.

ಲಕ್ಷ್ಮಿಗೆ 'ಚಂಚಲೆ' ಅಂತ ಹೆಸರಿದೆ, ಅದರಿಂದಲೇ ನಿಂತವಳು ಹೊರಡ್ತಾಳೆ ಅನ್ನೋ ನಂಬಿಕೆ. ಆದರೆ ಪುರಂದರದಾಸರ 'ಭಾಗ್ಯದ ಲಕ್ಷ್ಮಿ ಬಾರಮ್ಮ' ನೆನೆಸಿಕೊಳ್ಳಿ. ಅಲ್ಲಿ ಇಡೀ ಹಾಡು ನಡೆದು ಬರುವವಳದ್ದು. ನಡೆಯೋಳಿಗೆ ಬರೋಕೂ ಕಾಲು ಬೇಕಲ್ಲ?

ಅಂಗಡಿ ಯಾಕೆ ಮುಚ್ಚಿತು ಅಂತ ನನಗೆ ಗೊತ್ತು. ಉದ್ರಿ ಪುಸ್ತಕ ನಾನೇ ಕೂಡಿ ನೋಡಿದ್ದೆ. ಅಪ್ಪ ಕೇಳೋಕೆ ನಾಚಿದ ಬಾಕಿಗಳು, ಕೆಲವು ಹನ್ನೊಂದು ವರ್ಷ ಹಳೇವು. ಊರಿಂದ ಬಂದ ಮೇಲೆ ದೊಡ್ಡಗದ್ದವಳ್ಳಿ ಕತೆಯನ್ನ ಅಪ್ಪನಿಗೆ ಹೇಳಿದೆ. ಪೂರ್ತಿ ಕೇಳಿ, "ಆ ವ್ಯಾಪಾರಿನೂ ಉದ್ರಿ ಕೊಡ್ತಿದ್ನಂತಾ?" ಅಂದ್ರು. ಎಷ್ಟೋ ತಿಂಗಳ ಮೇಲೆ ನಕ್ಕಿದ್ದು.

ಪಟಕ್ಕೆ ಹೊಸ ಗಾಜು ಹಾಕಿಸಿದ್ದೀನಿ. ಈಗ ಅದು ನಾನು ರೆಕಾರ್ಡ್ ಮಾಡೋ ಕೋಣೆಯಲ್ಲಿ, ಮೈಕಿನ ಹಿಂದೆ ಇದೆ.