ಬೋಸ್ಟನ್ ಬಂದರಿನ ಚಹ

ಅಮೆರಿಕದ ಪೂರ್ವತೀರದ ಹದಿಮೂರು ವಸಾಹತುಗಳ ಜನರು 1763ರಲ್ಲಿ ತಮ್ಮನ್ನು ಇಂಗ್ಲೆಂಡಿನ ಅರಸನ ನಿಷ್ಠಾವಂತ ಪ್ರಜೆಗಳೆಂದೇ ಭಾವಿಸಿದ್ದರು. ಫ್ರೆಂಚರ ಮೇಲೆ ದೊರೆತ ಜಯವನ್ನು ತಮ್ಮ ಜಯವೆಂದೇ ಕೊಂಡಾಡಿದ್ದರು. ಆದುದರಿಂದ, ಮುಂದಿನ ಹದಿಮೂರು ವರ್ಷಗಳಲ್ಲಿ ಅವರೇ ಆ ಅರಸನ ಅಧಿಕಾರವನ್ನು ಕಿತ್ತೊಗೆದುದನ್ನು ನೋಡಿ, ಸ್ವಾತಂತ್ರ್ಯದ ಸಂಕಲ್ಪವು ಮೊದಲಿನಿಂದಲೂ ಅವರ ಹೃದಯದಲ್ಲಿ ಹುದುಗಿದ್ದಿತೆಂದು ಬಗೆಯುವುದು ಸರಿಯಲ್ಲ. ಅವರು ಮೊದಲು ಬೇಡಿದುದು ಇಂಗ್ಲಿಷರಿಗೆ ಪರಂಪರೆಯಿಂದ ಬಂದ ಹಕ್ಕುಗಳನ್ನು ಮಾತ್ರ. ಅವು ದೊರೆಯವೆಂಬುದು ಮತ್ತೆ ಮತ್ತೆ ಸ್ಥಿರಪಟ್ಟಾಗಲೇ ಬೇಡಿಕೆಯ ಸ್ವರೂಪ ಬದಲಾಯಿತು.

ಯುದ್ಧದ ಸಾಲವು ಇಂಗ್ಲೆಂಡಿನ ಬೊಕ್ಕಸವನ್ನು ಹಿಂಡುತ್ತಿದ್ದಿತು. ಅದರ ಒಂದಂಶವನ್ನು ವಸಾಹತುಗಳಿಂದ ವಸೂಲು ಮಾಡಲು 1765ರಲ್ಲಿ ಪಾರ್ಲಿಮೆಂಟು ಸ್ಟಾಂಪು ಶಾಸನವನ್ನು ತಂದು, ದಸ್ತಾವೇಜು, ವೃತ್ತಪತ್ರಿಕೆ, ಕಡೆಗೆ ಇಸ್ಪೀಟಿನ ಎಲೆಗಳ ಮೇಲೂ ಸುಂಕ ಹೇರಿತು. ತಮ್ಮ ಪ್ರತಿನಿಧಿಗಳಿಲ್ಲದ ಸಭೆಯು ತಮ್ಮ ಮೇಲೆ ತೆರಿಗೆ ವಿಧಿಸಲಾಗದೆಂದು ವಸಾಹತುಗಳವರು ವಾದಿಸಿದರು. ಒಂಬತ್ತು ವಸಾಹತುಗಳ ಪ್ರತಿನಿಧಿಗಳು ನ್ಯೂಯಾರ್ಕಿನಲ್ಲಿ ಸೇರಿ ಮನವಿಯನ್ನು ಕಳುಹಿಸಿದರು. ಮರುವರ್ಷ ಶಾಸನವೇನೋ ರದ್ದಾಯಿತು. ಆದರೆ ವಸಾಹತುಗಳನ್ನು ಎಲ್ಲ ವಿಷಯಗಳಲ್ಲಿಯೂ ಶಾಸಿಸುವ ಅಧಿಕಾರ ತನಗುಂಟೆಂದು ಪಾರ್ಲಿಮೆಂಟು ಅಂದೇ ಇನ್ನೊಂದು ಶಾಸನದಿಂದ ಸಾರಿಕೊಂಡಿತು. 1767ರಲ್ಲಿ ಗಾಜು, ಸೀಸ, ಬಣ್ಣ, ಕಾಗದ, ಚಹಗಳ ಮೇಲೆ ಹೊಸ ಸುಂಕಗಳು ಬಂದುವು. ಇದಕ್ಕುತ್ತರವಾಗಿ ವರ್ತಕರು ಇಂಗ್ಲೆಂಡಿನ ಸರಕನ್ನು ತರಿಸುವುದಿಲ್ಲವೆಂದು ಒಪ್ಪಂದ ಮಾಡಿಕೊಂಡರು; ಹೆಂಗಸರು ರಾಟೆಗಳನ್ನು ಹೊತ್ತು ಪಾದ್ರಿಗಳ ಮನೆಗಳಲ್ಲಿ ನೆರೆದು ದಿನವಿಡೀ ನೂಲು ತೆಗೆದರು; ಮನೆಯಲ್ಲಿ ನೇಯ್ದ ಬಟ್ಟೆಯುಡುವುದು ಮರ್ಯಾದೆಯ ಗುರುತಾಯಿತು. ಖಾದಿಯ ಕಾಲವನ್ನು ಕಂಡ ನಮ್ಮವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

1770ರ ಮಾರ್ಚಿನಲ್ಲಿ ಬೋಸ್ಟನ್ನಿನ ಬೀದಿಯಲ್ಲಿ ಬ್ರಿಟಿಷ್ ಸಿಪಾಯಿಗಳ ಗುಂಡಿಗೆ ಐವರು ಬಲಿಯಾದರು. ಆ ಸಿಪಾಯಿಗಳ ಪರವಾಗಿ ನ್ಯಾಯಾಲಯದಲ್ಲಿ ವಾದಿಸಿದವನು, ಮುಂದೆ ಸ್ವಾತಂತ್ರ್ಯಪಕ್ಷದ ಅಗ್ರಗಣ್ಯನೆನಿಸಿದ ಜಾನ್ ಆಡಮ್ಸನೆಂಬುದು ಆ ಜನರ ನ್ಯಾಯನಿಷ್ಠೆಗೆ ಸಾಕ್ಷಿ. ಅಷ್ಟರಲ್ಲಿ ಉಳಿದ ಸುಂಕಗಳು ತೆಗೆದುಹಾಕಲ್ಪಟ್ಟು, ಚಹದ ಮೇಲಿನ ಸುಂಕ ಮಾತ್ರ, ಪೌಂಡಿಗೆ ಮೂರು ಪೆನ್ಸಿನಂತೆ, ಅಧಿಕಾರದ ಕುರುಹಾಗಿ ನಿಂತಿತು.

ಇಲ್ಲಿ ನಮ್ಮ ದೇಶದ ಕಥೆಯೂ ಬಂದು ಕೂಡುತ್ತದೆ. ಬಂಗಾಳವನ್ನು ಸೂರೆಗೊಂಡು, 1770ರ ಘೋರ ಕ್ಷಾಮದಲ್ಲಿಯೂ ಕಂದಾಯವನ್ನು ಬಿಡದ ಈಸ್ಟ್ ಇಂಡಿಯಾ ಕಂಪನಿಯು ಈಗ ದಿವಾಳಿಯ ಅಂಚಿನಲ್ಲಿದ್ದಿತು; ಚೀನದಿಂದ ತಂದ ಅದರ ಚಹವು ಲಂಡನ್ನಿನ ಉಗ್ರಾಣಗಳಲ್ಲಿ ಮಾರಾಟವಾಗದೆ ಬಿದ್ದಿದ್ದಿತು. ಅದನ್ನು ನೇರವಾಗಿ ಅಮೆರಿಕಕ್ಕೆ ಸಾಗಿಸಿ ತನ್ನ ಆಯ್ದ ಏಜೆಂಟರ ಮೂಲಕ ಮಾರಲು 1773ರಲ್ಲಿ ಕಂಪನಿಗೆ ಅನುಮತಿ ದೊರೆಯಿತು. ಸುಂಕವೂ ಸೇರಿ ಈ ಚಹ ಅಗ್ಗವೇ ಆಗುತ್ತಿದ್ದಿತು. ಆದರೆ ಅದನ್ನು ಕೊಂಡರೆ ಸುಂಕದ ತತ್ತ್ವವನ್ನು ಒಪ್ಪಿದಂತಾಗುವುದೆಂದೂ, ಬಂಗಾಳಕ್ಕೆ ಒದಗಿದ ಗತಿ ನಾಳೆ ತಮಗೂ ಒದಗುವುದೆಂದೂ ಅಲ್ಲಿನ ಕರಪತ್ರಗಳು ಎಚ್ಚರಿಸಿದುವು. ಕಾಣದ ದೇಶದ ಜನರ ಸಂಕಟದಲ್ಲಿ ತಮ್ಮ ಭವಿಷ್ಯವನ್ನು ಅವರು ಓದಿಕೊಂಡರೆಂಬುದು ನನಗೆ ಈ ಇತಿಹಾಸದ ಅತ್ಯಂತ ಸ್ಮರಣೀಯವಾದ ಸಂಗತಿಯಾಗಿ ತೋರುತ್ತದೆ.

ಡಿಸೆಂಬರ್ 16ರ ರಾತ್ರಿ, ಬೋಸ್ಟನ್ನಿಗೆ ಬಂದಿದ್ದ ಚಹದ ಹಡಗುಗಳನ್ನು ಹಿಂದಿರುಗಿಸಲು ಗವರ್ನರನು ಅನುಮತಿ ಕೊಡಲಿಲ್ಲವೆಂಬ ಸುದ್ದಿ ಓಲ್ಡ್ ಸೌತ್ ಸಭಾಮಂದಿರದಲ್ಲಿ ನೆರೆದ ಸಹಸ್ರಾರು ಜನರಿಗೆ ಮುಟ್ಟಿದೊಡನೆ, ಮೂಲನಿವಾಸಿಗಳ ವೇಷ ತೊಟ್ಟು ಮುಖಕ್ಕೆ ಮಸಿ ಬಳಿದ ಗಂಡಸರು ಗ್ರಿಫಿನ್ ಕಟ್ಟೆಗೆ ನಡೆದು, ಮೂರು ಹಡಗುಗಳನ್ನೇರಿ, 342 ಪೆಟ್ಟಿಗೆಗಳನ್ನು ಕೊಡಲಿಯಿಂದ ಒಡೆದು ನೀರಿಗೆ ಸುರಿದರು. ಸಮುದ್ರ ಇಳಿತದಲ್ಲಿದ್ದುದರಿಂದ ಚಹ ನೀರಿನಲ್ಲಿ ಮುಳುಗದೆ ರಾಶಿಯಾಗಿ ನಿಂತಿತು. ಬೇರೆ ಯಾವ ವಸ್ತುವನ್ನೂ ಅವರು ಮುಟ್ಟಲಿಲ್ಲ. ಮುರಿದ ಒಂದು ಬೀಗಕ್ಕೆ ಬದಲಾಗಿ ಹೊಸದನ್ನು ತಂದುಕೊಟ್ಟರು. ಅಂಗಿಯೊಳಗೆ ಚಹ ತುಂಬಿಕೊಂಡವನನ್ನು ಅಲ್ಲಿಯೇ ದಂಡಿಸಿದರು.

ಇದಕ್ಕೆ ಪ್ರತೀಕಾರವಾಗಿ ಬಂದರು ಮುಚ್ಚಲ್ಪಟ್ಟಿತು. ಒಂದು ಊರಿಗೆ ವಿಧಿಸಿದ ದಂಡವನ್ನು ಉಳಿದವರೂ ತಮಗೆ ವಿಧಿಸಿದುದೆಂದು ಬಗೆದುದರಿಂದ, 1774ರ ಸೆಪ್ಟೆಂಬರಿನಲ್ಲಿ ಹನ್ನೆರಡು ವಸಾಹತುಗಳ ಪ್ರತಿನಿಧಿಗಳು ಫಿಲಡೆಲ್ಫಿಯದಲ್ಲಿ ಕೂಡಿದರು. ಮರುವರ್ಷದ ಏಪ್ರಿಲ್ 19ರಂದು ಲೆಕ್ಸಿಂಗ್ಟನ್ನಿನಲ್ಲಿ ಯುದ್ಧದ ಮೊದಲ ಗುಂಡು ಹಾರಿದ ಮೇಲೆಯೂ ಅವರು ಅರಸನಿಗೆ ಸಂಧಿಯ ಮನವಿಯನ್ನು ಬರೆದರು. ಅರಸನು ಅದನ್ನು ಸ್ವೀಕರಿಸದೆ ಅವರನ್ನು ದಂಗೆಕೋರರೆಂದು ಘೋಷಿಸಿದನು. 1776ರ ಜುಲೈ 4ರ ಸ್ವಾತಂತ್ರ್ಯ ಘೋಷಣೆಗೆ ಮಾರ್ಗ ತೆರೆದುದು ಈ ನಿರಾಕರಣವೇ. ಸರ್ವರೂ ಸಮಾನರೆಂದು ಸಾರಿದ ಆ ಪತ್ರದ ಕರಡಿನಲ್ಲಿದ್ದ ಗುಲಾಮ ವ್ಯಾಪಾರದ ಖಂಡನೆಯನ್ನು ಮಾತ್ರ ಸಭೆಯು ಕಿತ್ತುಹಾಕಿತು. ಆಗ ಆ ನಾಡಿನ ಐವರಲ್ಲಿ ಸುಮಾರು ಒಬ್ಬರು ಗುಲಾಮರಾಗಿದ್ದರು. ಆ ಅನ್ಯಾಯವನ್ನು ಮರೆತು ಈ ಕಥೆಯನ್ನು ಹೇಳಲಾಗದು.

ಯುದ್ಧವು ಎಂಟು ವರ್ಷ ನಡೆಯಿತು. ಬ್ರಿಟಿಷರ ವಿರುದ್ಧ ಹೋರಾಡುತ್ತಿದ್ದ ನಮ್ಮ ಹೈದರಾಲಿಯ ಹೆಸರನ್ನು ಪೆನ್ಸಿಲ್ವೇನಿಯದವರು ತಮ್ಮ ಒಂದು ಸಮರನೌಕೆಗೆ ಇಟ್ಟಿದ್ದರು. 1782ರ ಏಪ್ರಿಲಿನಲ್ಲಿ ಅದು ಡೆಲವೇರ್ ಕೊಲ್ಲಿಯಲ್ಲಿ ತನಗಿಂತ ಬಲವಾದ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಅದಕ್ಕೆ ಆರು ತಿಂಗಳ ಮುಂಚೆ ಯಾರ್ಕ್‌ಟೌನಿನಲ್ಲಿ ಶರಣಾಗತವಾದ ಸೈನ್ಯದ ಸೇನಾಪತಿ ಲಾರ್ಡ್ ಕಾರ್ನ್‌ವಾಲಿಸನೇ ಮುಂದೆ ಗವರ್ನರ್ ಜನರಲನಾಗಿ ಭಾರತಕ್ಕೆ ಬಂದು, 1792ರಲ್ಲಿ ಶ್ರೀರಂಗಪಟ್ಟಣದ ಕೋಟೆಯ ಮುಂದೆ ಟೀಪು ಸುಲ್ತಾನನಿಂದ ಅರ್ಧ ರಾಜ್ಯವನ್ನೂ, ಒತ್ತೆಯಾಳುಗಳಾಗಿ ಅವನ ಇಬ್ಬರು ಮಕ್ಕಳನ್ನೂ ಪಡೆದನು.