ಬೈಕಿನ ಬ್ರೇಕ್ ಪೈಪಿಗೂ ಒಂದು ಚರಿತ್ರೆ ಇದೆ

ಹೋದ ವರ್ಷ ಮಳೆ ನಿಂತ ಮೇಲೆ ನಮ್ಮಲ್ಲಿ ಇಬ್ಬರು ಒಂದು ವರದಿಯ ಕೆಲಸಕ್ಕೆ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ ಹೊರಟಿದ್ದೆವು. ಬೈಕು ಹದಿನೈದು ವರ್ಷ ಹಳೆಯದು, ದೂರ ಪ್ರಯಾಣಕ್ಕೆಂದೇ ಮಾಡಿದ್ದು. ಅದಕ್ಕೆ ನಾವು ಮೂರನೇ ಮಾಲೀಕರು. ಇಬ್ಬರು ಸವಾರರ ಜೊತೆಗೆ ಎರಡೂ ಪಕ್ಕಕ್ಕೆ ಚೀಲ, ಕ್ಯಾಮೆರಾ, ಸ್ಟ್ಯಾಂಡು. ಅರ್ಧ ಘಾಟಿ ಇಳಿಯುವಷ್ಟರಲ್ಲಿ ಮುಂದಿನ ಬ್ರೇಕ್ ಹಿಡಿದರೆ ಲಿವರು ಮೆತ್ತಗೆ ಬಂದು ಹ್ಯಾಂಡಲ್ಲಿಗೆ ಅಂಟಿಕೊಂಡಿತು. ಗಾಡಿ ಮಾತ್ರ ನಿಲ್ಲಲಿಲ್ಲ.

ಗೇರು ಇಳಿಸಿ, ಹಿಂದಿನ ಬ್ರೇಕ್ ತುಳಿದು, ಹೇಗೋ ಬೆಟ್ಟದ ಬದಿಗೆ ನಿಲ್ಲಿಸಿದೆವು. ಇನ್ನೊಂದು ಬದಿ ಕಣಿವೆ. ಅರ್ಧ ಗಂಟೆ ಕೂತು ಎದ್ದು ನೋಡಿದರೆ ಬ್ರೇಕ್ ಮತ್ತೆ ಗಟ್ಟಿಯಾಗಿತ್ತು! ಅದನ್ನು ನಂಬದೆ ಮೊದಲ ಗೇರಿನಲ್ಲೇ ಇಳಿದು ಉಜಿರೆಯ ಒಂದು ಗ್ಯಾರೇಜಿಗೆ ಹೋದೆವು.

ಮೆಕ್ಯಾನಿಕ್ ಅಣ್ಣ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ನೋಡಿ, "ಎಂತ ಮಾರಾಯ್ರೆ, ಇದು ಕಷಾಯದ ಹಾಗೆ ಉಂಟಲ್ಲ. ಪೈಪು ಗಾಡಿಯೊಟ್ಟಿಗೇ ಬಂದದ್ದು. ಇಷ್ಟು ವರ್ಷ ಯಾರೂ ಮುಟ್ಟಲೇ ಇಲ್ವಾ?" ಅಂದರು.

ನಾವಂತೂ ಮುಟ್ಟಿರಲಿಲ್ಲ. ಟಯರು ನೋಡಿದ್ದೆವು, ಚೈನಿಗೆ ಎಣ್ಣೆ ಬಿಟ್ಟಿದ್ದೆವು, ಟ್ಯಾಂಕು ಒರೆಸಿ ಫೋಟೊ ತೆಗೆದಿದ್ದೆವು. ಹಿಡಿಯಿಂದ ಚಕ್ರಕ್ಕೆ ಹೋಗುವ ಆ ಕಪ್ಪು ಪೈಪಿನ ಕಡೆ ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಅವತ್ತಿನಿಂದ ಅದರ ಹಿಂದೆ ಬಿದ್ದೆವು. ಅದು ಎಲ್ಲಿಂದ ಬಂತು, ನಮ್ಮ ಊರಿನ ಬೈಕುಗಳಿಗೆ ಯಾವಾಗ ಬಂತು ಅನ್ನುವುದೇ ಈ ಬರಹ.

ಮೊದಲು ಬಂದದ್ದು ವೈರು

ಸೈಕಲ್ ತುಳಿದವರಿಗೆಲ್ಲ ಬ್ರೇಕ್ ವೈರು ಗೊತ್ತು. ಹೊರಗೆ ಸುರುಳಿ ಕವಚ, ಒಳಗೆ ಜಾರುವ ತಂತಿ. ಇದಕ್ಕೆ ಇಂಗ್ಲೆಂಡಿನಲ್ಲಿ ಅರ್ನೆಸ್ಟ್ ಬೌಡನ್ 1896ರಲ್ಲಿ ಪೇಟೆಂಟ್ ಪಡೆದರು. ಇಂದಿಗೂ ಅದರ ಹೆಸರು ಬೌಡನ್ ಕೇಬಲ್. ಮೋಟಾರ್ ಸೈಕಲ್ಲು ಅದನ್ನೇ ಎತ್ತಿಕೊಂಡಿತು. ಚಕ್ರದ ನಡುವಿನ ಡ್ರಮ್ಮಿನೊಳಗೆ ಎರಡು ಲೈನರ್, ಅವನ್ನು ಅಗಲಿಸಲು ಒಂದು ವೈರು ಇಲ್ಲವೇ ಕಬ್ಬಿಣದ ಸರಳು.

ವೈರಿನ ಗುಣ ಅಂದರೆ ಅದು ಕೆಡುವ ಮೊದಲು ಸಾಮಾನ್ಯವಾಗಿ ಸೂಚನೆ ಕೊಡುತ್ತದೆ. ಒಂದೊಂದೇ ಎಳೆ ಬಿಡುತ್ತದೆ, ಬಿಗಿಯಾಗುತ್ತದೆ, ತುಕ್ಕು ಕಾಣುತ್ತದೆ. ದೋಷ ಅಂದರೆ ಕೈಯಲ್ಲಿ ಹಾಕಿದ ಬಲದ ಒಂದು ಪಾಲು ಉಜ್ಜಾಟದಲ್ಲೇ ಹೋಗುತ್ತದೆ. ಡ್ರಮ್ಮಿನದೂ ಒಂದು ತೊಂದರೆ ಇದೆ. ಮುಚ್ಚಿದ ಡಬ್ಬಿಯಾದ್ದರಿಂದ ಇಳಿಜಾರಿನಲ್ಲಿ ಕಾದರೆ ಬೇಗ ಆರುವುದಿಲ್ಲ, ಹೊಳೆ ದಾಟಿ ನೀರು ಹೊಕ್ಕರೆ ಹಿಡಿಯುವುದಿಲ್ಲ.

ಆಮೇಲೆ ಬಂದದ್ದು ಎಣ್ಣೆ

ಮುಚ್ಚಿದ ಪಾತ್ರೆಯ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಇದನ್ನು 17ನೇ ಶತಮಾನದಲ್ಲೇ ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಹೇಳಿದ್ದರು. ನಿಮ್ಮೂರಿನಲ್ಲಿ ಜೆಸಿಬಿಯ ಕೈ ಏಳುವುದೂ, ಟ್ರ್ಯಾಕ್ಟರಿನ ಟ್ರಾಲಿ ಮಗುಚುವುದೂ ಈ ಲೆಕ್ಕದಲ್ಲೇ. ಹಿಡಿಯ ಹತ್ತಿರ ಸಣ್ಣ ಪಿಸ್ಟನ್, ಚಕ್ರದ ಹತ್ತಿರ ಅದಕ್ಕಿಂತ ನಾಲ್ಕು ಪಟ್ಟು ವಿಸ್ತೀರ್ಣದ ಮುಖವಿರುವ ಪಿಸ್ಟನ್ ಇಟ್ಟರೆ ಕೈಯ ಬಲ ಅಲ್ಲಿ ನಾಲ್ಕು ಪಟ್ಟಾಗುತ್ತದೆ.

ಇದನ್ನು ವಾಹನದ ಬ್ರೇಕಿಗೆ ತಂದವರಲ್ಲಿ ಮುಖ್ಯರು ಅಮೆರಿಕದ ಮಾಲ್ಕಮ್ ಲಾಕ್‌ಹೀಡ್. ಮುಂದೆ ವಿಮಾನಗಳಿಂದ ಹೆಸರಾದ ಲಾಕ್‌ಹೀಡ್ ಅಣ್ಣತಮ್ಮಂದಿರಲ್ಲಿ ಇವರೊಬ್ಬರು. 1921ರಲ್ಲಿ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಚಕ್ರಕ್ಕೆ ಎಣ್ಣೆ ಬ್ರೇಕ್ ಬಂತು. ಹಳೆಯ ಕಾಲದ ಬ್ರೇಕ್ ಆಯಿಲಿನಲ್ಲಿ ಇರುತ್ತಿದ್ದದ್ದು ಏನು ಗೊತ್ತೇ? ನಮ್ಮ ಹರಳೆಣ್ಣೆ! ಅದಕ್ಕೆ ಆಲ್ಕೋಹಾಲ್ ಬೆರೆಸಿ ಬಳಸುತ್ತಿದ್ದರು.

ಚಕ್ರ ಮೇಲೆ ಕೆಳಗೆ ಕುಣಿಯುತ್ತದೆ, ಎಡಕ್ಕೆ ಬಲಕ್ಕೆ ತಿರುಗುತ್ತದೆ. ಪೂರ್ತಿ ಕಬ್ಬಿಣದ ಕೊಳವೆ ಹಾಕಿದರೆ ಮುರಿಯುತ್ತದೆ. ಆದ್ದರಿಂದ ಬಾಗುವ ಪೈಪು ಬೇಕಾಯಿತು. ಒಳಗೊಂದು ರಬ್ಬರ್ ಕೊಳವೆ, ಅದರ ಸುತ್ತ ನೂಲಿನ ಹೆಣಿಗೆ, ಮೇಲೆ ಮತ್ತೆ ರಬ್ಬರ್. ನಮ್ಮ ಬೈಕಿನಲ್ಲಿದ್ದದ್ದೂ ಇದೇ.

ಬೈಕಿಗೆ ಬಂದ ಡಿಸ್ಕ್

ಡಿಸ್ಕ್ ಬ್ರೇಕಿಗೆ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಪೇಟೆಂಟ್ ಪಡೆದಿದ್ದರು. ಆದರೆ ಅದರ ಹೆಸರು ಊರೂರಿಗೆ ಹಬ್ಬಿದ್ದು 1953ರಲ್ಲಿ, ಡಂಲಪ್ ಡಿಸ್ಕ್ ಹಾಕಿಕೊಂಡ ಜಾಗ್ವಾರ್ ಕಾರು ಫ್ರಾನ್ಸಿನ ಲೆ ಮಾನ್ಸ್ ಓಟ ಗೆದ್ದಾಗ. ದ್ವಿಚಕ್ರದಲ್ಲಿ ಇಟಲಿಯ ಲ್ಯಾಂಬ್ರೆಟ್ಟಾ ಸ್ಕೂಟರ್ 1962ರಲ್ಲಿ ಮುಂದಿನ ಚಕ್ರಕ್ಕೆ ಡಿಸ್ಕ್ ಹಾಕಿತು. ಆದರೆ ಅದನ್ನು ಎಳೆಯುತ್ತಿದ್ದದ್ದು ವೈರೇ.

ಎಣ್ಣೆಯಿಂದ ನಡೆಯುವ ಡಿಸ್ಕನ್ನು ಸಾಮಾನ್ಯ ಸವಾರರ ಕೈಗೆ ದೊಡ್ಡ ಸಂಖ್ಯೆಯಲ್ಲಿ ತಲುಪಿಸಿದ್ದು 1969ರ ಹೋಂಡಾ ಸಿಬಿ 750. ಮುಂದೆ ಒಂದು ಡಿಸ್ಕ್, ಹಿಂದೆ ಡ್ರಮ್. 1975ರ ಹೊತ್ತಿಗೆ ದೂರ ಪ್ರಯಾಣಕ್ಕೆಂದೇ ಗೋಲ್ಡ್ ವಿಂಗ್ ಬಂತು. ಅದರಲ್ಲಿ ಮುಂದೆ ಎರಡು, ಹಿಂದೆ ಒಂದು ಡಿಸ್ಕ್. 1988ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ಕೆ 100 ಬೈಕಿಗೆ ಎಬಿಎಸ್ ಸೇರಿತು.

ಈ ಹಳೆಯ ದೊಡ್ಡ ಬೈಕುಗಳನ್ನು ಇಂದಿಗೂ ಸಾಕುವವರು ಜಗತ್ತಿನ ತುಂಬ ಇದ್ದಾರೆ. ಎಂಜಿನ್ನು ಚೆನ್ನಾಗಿಯೇ ಓಡುತ್ತಿರುತ್ತದೆ, ರಬ್ಬರಿಗೆ ಮಾತ್ರ ನಲವತ್ತು ವರ್ಷ ಆಗಿರುತ್ತದೆ. ಅಂಥ ಗಾಡಿ ಕೊಂಡವರು ಮೊದಲು ಮಾಡಬೇಕಾದ ಕೆಲಸಗಳಲ್ಲಿ ಪೈಪು ಬದಲಿಸುವುದೂ ಒಂದು. ಬಹಳ ಜನ ಸ್ಟೀಲ್ ಹೆಣಿಗೆಯ ಪೈಪು ಹಾಕಿಸುತ್ತಾರೆ. ಅದರ ಒಳಕೊಳವೆ ಟೆಫ್ಲಾನ್, ಅಂದರೆ ನಾನ್‌ಸ್ಟಿಕ್ ದೋಸೆ ತವಾಕ್ಕೆ ಬಳಿಯುವ ವಸ್ತುವೇ. 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಬೇರೇನೋ ಪ್ರಯೋಗ ಮಾಡುವಾಗ ಅದು ಆಕಸ್ಮಿಕವಾಗಿ ಸಿಕ್ಕಿತು. ಇಂಥ ಪೈಪು ಒತ್ತಡಕ್ಕೆ ಉಬ್ಬುವುದು ಕಡಿಮೆ. ಹಳೆಯ ರಬ್ಬರ್ ಉಬ್ಬಿದಷ್ಟೂ ಕೈಯ ಬಲ ಪೈಪು ಹಿಗ್ಗಿಸುವುದಕ್ಕೇ ಖರ್ಚಾಗುತ್ತದೆ.

ನಮ್ಮ ನಾಡಿಗೆ ತಡವಾಗಿ

ನಮ್ಮ ಕಡೆಯ ಬೈಕಿನ ಮಾತು ಬಂದರೆ ಮೈಸೂರಿನಿಂದಲೇ ಶುರು ಮಾಡಬೇಕು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ, ಆಮೇಲೆ ಯೆಜ್ಡಿ ಬೈಕುಗಳನ್ನು ಮಾಡಿತು. 1996ರಲ್ಲಿ ಬಾಗಿಲು ಹಾಕಿತು. ಮೇಷ್ಟ್ರು, ಕಾಫಿ ತೋಟದವರು, ಮಂಡಿ ವ್ಯಾಪಾರಿಗಳು ಎಲ್ಲರೂ ಓಡಿಸಿದ ಗಾಡಿ. ಅದರಲ್ಲಿ ಇದ್ದದ್ದು ಡ್ರಮ್ ಬ್ರೇಕ್. ಮೇಲಾಗಿ ಅದು ಟೂ ಸ್ಟ್ರೋಕ್. ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನು ಗಾಡಿಯನ್ನು ಹಿಡಿದು ನಿಲ್ಲಿಸುವುದು ಕಡಿಮೆ. ಘಾಟಿಯಲ್ಲಿ ಅದನ್ನು ಇಳಿಸಿದ ಹಿರಿಯರಿಗೆ ಒಂದು ನಮಸ್ಕಾರ ಹೇಳಲೇಬೇಕು.

ಅದೇ ಕಾಲದ ಇನ್ನೊಂದು ಗಾಡಿಯ ಕಥೆ ನಮಗೆ ಮನಸ್ಸಿಗೆ ನಾಟಿತು. ಜಪಾನಿನ ಯಮಹಾ ಆರ್‌ಡಿ 350 ಬೈಕು 1983ರಲ್ಲಿ ರಾಜದೂತ್ 350 ಎಂಬ ಹೆಸರಿನಲ್ಲಿ ಭಾರತಕ್ಕೆ ಬಂತು. ಜಪಾನಿನ ಗಾಡಿಗೆ ಮುಂದೆ ಡಿಸ್ಕ್ ಇತ್ತು. ನಮ್ಮಲ್ಲಿ ಮಾರಿದ್ದರಲ್ಲಿ ಬೆಲೆ ಇಳಿಸಲೆಂದು ಡ್ರಮ್ ಹಾಕಿದರು. ವೇಗ ಬಂತು, ನಿಲ್ಲಿಸುವ ಸಾಮಾನು ಬರಲಿಲ್ಲ. ಆ ಗಾಡಿಯ ಓಟವನ್ನು ಹೊಗಳುವವರು ಕೂಡ ಅದರ ಬ್ರೇಕಿನ ಮಾತು ಬಂದರೆ ತಲೆ ಅಲ್ಲಾಡಿಸುತ್ತಾರೆ.

1980ರ ದಶಕದಲ್ಲಿ ಎನ್‌ಫೀಲ್ಡ್ ಫ್ಯೂರಿ ಡಿಸ್ಕ್ ಹೊತ್ತು ಬಂದರೂ ಹೆಚ್ಚು ಜನರನ್ನು ತಲುಪಲಿಲ್ಲ. 1999ರ ಹೀರೋ ಹೋಂಡಾ ಸಿಬಿಝಡ್, ಅದರ ಬೆನ್ನಿಗೇ ಬಂದ ಪಲ್ಸರ್‌ಗಳಿಂದ ಡಿಸ್ಕ್ ಅನ್ನುವ ಮಾತು ಹಳ್ಳಿಗೂ ಬಂತು. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಎಬಿಎಸ್, ಅದರ ಒಳಗಿನವಕ್ಕೆ ಎರಡೂ ಚಕ್ರಕ್ಕೆ ಒಟ್ಟಿಗೆ ಬ್ರೇಕ್ ಬೀಳುವ ಸಿಬಿಎಸ್ ಇಲ್ಲವೇ ಎಬಿಎಸ್ ಕಡ್ಡಾಯವಾಯಿತು.

ಹೀಗೆ ವೈರಿನಿಂದ ಎಣ್ಣೆಗೆ ನಾವು ಬಂದದ್ದು ಈ ಇಪ್ಪತ್ತೈದು ವರ್ಷಗಳಲ್ಲಿ. ಆದರೆ ನಮ್ಮ ಅಭ್ಯಾಸ ಇನ್ನೂ ವೈರಿನ ಕಾಲದ್ದು. ಎಳೆ ಬಿಟ್ಟಾಗ ನೋಡಿದರಾಯಿತು ಅನ್ನುತ್ತೇವೆ. ಪೈಪು ಹಾಗೆ ಎಳೆ ಬಿಟ್ಟು ತೋರಿಸುವುದಿಲ್ಲ. ಮೊದಲ ಸಲದ ಡಿಸ್ಕ್ ಬೈಕುಗಳು ಈಗ ಎರಡನೇ, ಮೂರನೇ ಕೈಗೆ ಬಂದು ಹಳ್ಳಿಗಳಲ್ಲಿ ಓಡುತ್ತಿವೆ. ಎಷ್ಟೋ ಗಾಡಿಗಳ ಪೈಪಿನ ವಯಸ್ಸು ಅದನ್ನು ಓಡಿಸುವ ಹುಡುಗನ ಲೈಸೆನ್ಸಿಗಿಂತ ಹೆಚ್ಚು.

ಘಾಟಿಯಲ್ಲಿ ಆದದ್ದೇನು?

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಮಲೆನಾಡಿನ ಮಳೆಯಲ್ಲಂತೂ ಕೇಳುವುದೇ ಬೇಡ. ಡಾಟ್ 4 ಎಂಬ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಅನ್ನುವುದು ನಿಯಮ. ನೂರಕ್ಕೆ ಮೂರು ಮುಕ್ಕಾಲು ಪಾಲಿನಷ್ಟು ನೀರು ಸೇರಿದರೆ ಆ ಮಿತಿಯೇ 155 ಡಿಗ್ರಿಗೆ ಇಳಿಯುತ್ತದೆ. ಇಳಿಜಾರಿನಲ್ಲಿ ಬಿಡದೆ ಬ್ರೇಕ್ ಹಿಡಿದರೆ ಕ್ಯಾಲಿಪರ್ ಕಾದು ಆಯಿಲ್ ಕುದಿಯುತ್ತದೆ, ಆವಿಯ ಗುಳ್ಳೆ ಏಳುತ್ತವೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಹಾಗಾಗಿ ಲಿವರು ಪೂರ್ತಿ ಬಂದರೂ ಚಕ್ರಕ್ಕೆ ಬಲ ಮುಟ್ಟಲಿಲ್ಲ. ಆರಿದ ಮೇಲೆ ಆವಿ ಮತ್ತೆ ದ್ರವವಾಯಿತು, ಲಿವರು ಗಟ್ಟಿಯಾಯಿತು. ಹಾಗೆ ವಾಪಸ್ ಬಂದ ಬ್ರೇಕನ್ನು ನಂಬಿ ಜನ ಮೋಸ ಹೋಗುತ್ತಾರೆ.

ಪೈಪಿನದೂ ಪಾಲಿತ್ತು. ಅಣ್ಣ ಅದನ್ನು ಬಿಚ್ಚಿ ಬಾಗಿಸಿ ತೋರಿಸಿದಾಗ ತುದಿಯ ಹತ್ತಿರ ಒಣಗಿದ ಕೆರೆಯ ಮಣ್ಣಿನ ಹಾಗೆ ಬಿರುಕು ಬಿಟ್ಟಿತ್ತು. ಕೆಲವು ಪೈಪು ಹೊರಗೆ ಚೆನ್ನಾಗಿದ್ದು ಒಳಗೆ ಊದಿಕೊಳ್ಳುತ್ತವೆ. ಆಗ ಹಿಡಿದ ಬ್ರೇಕ್ ಬಿಟ್ಟರೂ ಆಯಿಲ್ ಬೇಗ ವಾಪಸ್ ಬರದೆ ಚಕ್ರ ಹಿಡಿದುಕೊಂಡೇ ಇರುತ್ತದೆ.

ಬದಲಿಸಿದ ರೀತಿ

ಮೊದಲು ಟ್ಯಾಂಕಿಗೆ ಹಳೆಯ ಬೆಡ್‌ಶೀಟು ಮುಚ್ಚಿದರು. ಬ್ರೇಕ್ ಆಯಿಲ್ ಬಿದ್ದರೆ ಪೇಂಟು ಏಳುತ್ತದೆ. ಹಳೆಯ ಪೈಪು ಎಲ್ಲಿಂದ ಹೇಗೆ ಹೋಗಿದೆ ಎಂದು ಫೋಟೊ ತೆಗೆದುಕೊಳ್ಳಲು ಹೇಳಿದರು. ಹಳೆಯ ಆಯಿಲ್ ಬಾಟಲಿಗೆ ಇಳಿಸಿ, ಎರಡೂ ತುದಿಯ ಬೋಲ್ಟು ಬಿಚ್ಚಿ, ಹೊಸ ಪೈಪು ಕೂರಿಸಿದರು. ಪ್ರತಿ ತುದಿಗೂ ಎರಡೆರಡು ತಾಮ್ರದ ವಾಷರ್, ಎಲ್ಲ ಹೊಸವು. ಹಳೆಯ ವಾಷರ್ ಒಮ್ಮೆ ಒತ್ತಿ ಚಪ್ಪಟೆಯಾಗಿರುತ್ತದೆ, ಮತ್ತೆ ಹಾಕಿದರೆ ಸೋರಬಹುದು. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಮುಂದಿನ ಶಾಕ್ ಒತ್ತಿ, ಪೈಪು ಎಲ್ಲೂ ಎಳೆಯುವುದಿಲ್ಲ, ಉಜ್ಜುವುದಿಲ್ಲ ಎಂದು ನೋಡಿದರು.

ಆಮೇಲೆ ಡಬ್ಬಿಯ ಮುಚ್ಚಳದ ಮೇಲೆ ಬರೆದಿದ್ದ ನಂಬರಿನದೇ ಆಯಿಲ್, ಸೀಲು ಒಡೆಯದ ಬಾಟಲಿಯಿಂದ. ಏರ್ ತೆಗೆಯುವ ಕೆಲಸಕ್ಕೆ ನಮ್ಮನ್ನೂ ಕೂರಿಸಿದರು. ಲಿವರು ಒತ್ತಿ ಹಿಡಿಯುವುದು, ಕೆಳಗೆ ನಿಪ್ಪಲ್ ತೆರೆಯುವುದು, ಮುಚ್ಚಿದ ಮೇಲೆಯೇ ಲಿವರು ಬಿಡುವುದು. ಡಬ್ಬಿ ಖಾಲಿಯಾಗದಂತೆ ಮೇಲಿಂದ ತುಂಬುತ್ತಲೇ ಇದ್ದರು. ಗುಳ್ಳೆ ನಿಂತು ಲಿವರು ಕಲ್ಲಿನಂತಾಯಿತು. ಕೊನೆಗೆ ಒಂದು ನಿಮಿಷ ಬಲವಾಗಿ ಹಿಡಿದು ಎಲ್ಲಾದರೂ ಜಿನುಗುತ್ತದೆಯೇ ನೋಡಿದರು.

ಓದಿ ತಿಳಿಯಲಿ ಎಂದು ಇದನ್ನು ಬರೆದಿದ್ದೇವೆ, ಮೊದಲ ಸಲ ನೀವೇ ಮಾಡಿ ಎಂದಲ್ಲ. ಗೊತ್ತಿರುವವರ ಕೈಯಲ್ಲೇ ಮಾಡಿಸಿ. ಎಬಿಎಸ್ ಇದ್ದರೆ ಅದರ ಕೆಲಸ ಬಲ್ಲ ಗ್ಯಾರೇಜಿಗೇ ಹೋಗಿ. ಹಲವು ಕಂಪನಿಗಳ ಪುಸ್ತಕದಲ್ಲಿ ಆಯಿಲ್ ಎರಡು ವರ್ಷಕ್ಕೆ, ರಬ್ಬರ್ ಪೈಪು ನಾಲ್ಕು ವರ್ಷಕ್ಕೆ ಬದಲಿಸಿ ಎಂದಿರುತ್ತದೆ. ನಿಮ್ಮ ಗಾಡಿಯ ಪುಸ್ತಕ ನೋಡಿ. ಆಯಿಲ್ ಕಪ್ಪಾಗಿದ್ದರೆ, ಲಿವರು ಸ್ಪಂಜಿನಂತಿದ್ದರೆ, ಪೈಪು ಬಾಗಿಸಿದಾಗ ಬಿರುಕು ಕಂಡರೆ ವರ್ಷದ ಲೆಕ್ಕ ಹಾಕುತ್ತಾ ಕೂರಬೇಡಿ.

ನಮಗೆ ಅವತ್ತು ಆದ ಖರ್ಚು ಒಂದು ಹೊಸ ಟಯರಿಗಿಂತ ಕಡಿಮೆ. ಹಳೆಯ ಪೈಪನ್ನು ಬಿಸಾಡದೆ ತಂದು ನಮ್ಮ ಕೋಣೆಯ ಮೊಳೆಗೆ ನೇತುಹಾಕಿದ್ದೇವೆ. ಯಾರಾದರೂ ಸೆಕೆಂಡ್ ಹ್ಯಾಂಡ್ ಬೈಕ್ ತಂದೆ ಎಂದು ಸಿಹಿ ಹಂಚಲು ಬಂದರೆ ಮೊದಲು ಅದನ್ನು ಕೈಗೆ ಕೊಟ್ಟು ಬಾಗಿಸಿ ನೋಡಲು ಹೇಳುತ್ತೇವೆ.